ಗೋವಾನಾ, ಬೆಂಗಳೂರಾ? ಕಾರವಾರದ ಫುಟ್ಬಾಲ್ ಅಭಿಮಾನಿಗೆ ‘ನಮ್ಮ ಟೀಮು’ ಯಾವುದು

2025ರ ಏಪ್ರಿಲ್ 6. ಗೋವಾದ ಮಡಗಾಂವ್ ಪಕ್ಕದ ಫಾತೋರ್ಡಾ ಸ್ಟೇಡಿಯಂನಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಸೆಮಿಫೈನಲ್‌ನ ಎರಡನೇ ಪಂದ್ಯ. ಬೆಂಗಳೂರಿನಲ್ಲಿ ನಡೆದ ಮೊದಲ ಪಂದ್ಯದಲ್ಲಿ ಎಫ್‌ಸಿ ಗೋವಾ 0-2ರಿಂದ ಸೋತಿತ್ತು. ಈಗ ತನ್ನ ಮೈದಾನದಲ್ಲಿ ಎರಡು ಗೋಲು ಹೊಡೆದು ಲೆಕ್ಕ ಸಮ ಮಾಡಿತ್ತು. ಇನ್ನೇನು ಆಟ ಹೆಚ್ಚುವರಿ ಸಮಯಕ್ಕೆ ಹೋಗುತ್ತದೆ ಅನ್ನುವಾಗ, 90 ನಿಮಿಷ ದಾಟಿದ ಮೇಲೆ, ಬೆಂಗಳೂರಿನ ಸುನಿಲ್ ಛೆಟ್ರಿ ಚೆಂಡಿಗೆ ತಲೆ ಕೊಟ್ಟರು. ಚೆಂಡು ಬಲೆಯೊಳಗೆ. ಎರಡೂ ಪಂದ್ಯ ಸೇರಿ 3-2. ಬೆಂಗಳೂರು ಫೈನಲ್‌ಗೆ.

ಆ ಗೋಲಿಗೆ ಕಾರವಾರದಲ್ಲಿ ಯಾರು ಕುಣಿದರು, ಯಾರು ಟಿವಿ ಬಂದ್ ಮಾಡಿ ಎದ್ದು ಹೋದರು ಅಂತ ಕೇಳಿದರೆ ಒಂದೇ ಮನೆಯಲ್ಲಿ ಎರಡು ಉತ್ತರ ಸಿಗಬಹುದು. ನಕ್ಷೆ ನೋಡಿದರೆ ಬೆಂಗಳೂರು ನಮ್ಮ ರಾಜಧಾನಿ, ಬೆಂಗಳೂರು ಎಫ್‌ಸಿ ನಮ್ಮ ರಾಜ್ಯದ ತಂಡ. ರಸ್ತೆ ನೋಡಿದರೆ ಕಂಠೀರವ ಕ್ರೀಡಾಂಗಣ 500 ಕಿ.ಮೀ.ಗಿಂತ ಜಾಸ್ತಿ ದೂರ, ಫಾತೋರ್ಡಾ ಸುಮಾರು 70 ಕಿ.ಮೀ. ಮಾಜಾಳಿ, ಪೋಳೆಂ ಚೆಕ್‌ಪೋಸ್ಟ್, ಕಾಣಕೋಣ, ಕರ್ಮಲ್ ಘಾಟ್, ಮಡಗಾಂವ್, ಅಷ್ಟೇ. ಎಷ್ಟೋ ಮನೆಯವರಿಗೆ ನೆಂಟರು ಅಲ್ಲಿ, ಕೆಲಸವೂ ಅಲ್ಲಿ. ಮನೆಯಲ್ಲಿ ಆಡುವ ಕೊಂಕಣಿಯೂ ಆ ಕಡೆಗೇ ವಾಲುತ್ತದೆ. ಹಾಗಾದರೆ ‘ನಮ್ಮ ಟೀಮು’ ಅಂದರೆ ಯಾವುದು?

ಇದನ್ನು ಈಗ ಕೇಳಲು ಒಂದು ಕಾರಣ ಇದೆ. 2025ರ ಜುಲೈನಲ್ಲಿ ಐಎಸ್‌ಎಲ್ ನಿಂತೇ ಹೋಯಿತು. ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ ಲೀಗ್ ನಡೆಸುವ ಕಂಪನಿಯ ಜೊತೆ 2010ರಲ್ಲಿ ಮಾಡಿಕೊಂಡಿದ್ದ 15 ವರ್ಷಗಳ, 700 ಕೋಟಿ ರೂಪಾಯಿಯ ಒಪ್ಪಂದ ಆ ವರ್ಷದ ಡಿಸೆಂಬರ್‌ಗೆ ಮುಗಿಯುವುದಿತ್ತು. ಮುಂದೆ ಏನು ಅಂತ ಯಾರಿಗೂ ಗೊತ್ತಿರಲಿಲ್ಲ. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಆಟಗಾರರ ಸಂಬಳವನ್ನೇ ತಡೆಹಿಡಿಯಿತು. ತಿಂಗಳುಗಟ್ಟಲೆ ಎಳೆದಾಡಿ, 2026ರ ಫೆಬ್ರವರಿಯಲ್ಲಿ ಚಿಕ್ಕದಾಗಿ ಲೀಗ್ ನಡೆಸುವ ತೀರ್ಮಾನ ಹೊರಬಂದದ್ದು ಜನವರಿಯಲ್ಲಿ. ಈ ಗೊಂದಲದ ನಡುವೆಯೇ ಹೈದರಾಬಾದ್ ಎಫ್‌ಸಿ ದೆಹಲಿಗೆ ಹೋಗಿ ‘ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ’ ಆಯಿತು. ಆ ಹೈದರಾಬಾದ್ ತಂಡವಾದರೂ 2019ರಲ್ಲಿ ಬಂದದ್ದು ಬಾಗಿಲು ಮುಚ್ಚಿದ ಪುಣೆ ತಂಡದ ಜಾಗಕ್ಕೆ. ಅದೇ ವರ್ಷ ಡೆಲ್ಲಿ ಡೈನಮೋಸ್ ಎದ್ದು ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಗಿತ್ತು. ಅಂದರೆ ದೆಹಲಿಯಲ್ಲಿ ಇದ್ದ ತಂಡ ಒಡಿಶಾಕ್ಕೆ ಹೋಯಿತು, ಹೈದರಾಬಾದಿನಲ್ಲಿ ಇದ್ದದ್ದು ದೆಹಲಿಗೆ ಬಂತು. ದೆಹಲಿಯ ಹುಡುಗ ಇದರಲ್ಲಿ ಯಾವುದನ್ನು ನಮ್ಮದು ಅನ್ನಬೇಕು?

ನನ್ನ ಮಾತು ಇಷ್ಟೇ. ತಂಡಕ್ಕೆ ಬಾಯಿತುಂಬ ಕರೆಯುವ ಹೆಸರು ಹುಟ್ಟೋದು ಮೈದಾನಕ್ಕೆ ಹೋಗಿ ಬಂದು. ಮಾಲೀಕರು ಕೊಟ್ಟ ಹೆಸರು ಅಂಗಿಯ ಮೇಲೆ ಇರುತ್ತದೆ, ಅಷ್ಟೇ. ಉತ್ತರ ಕನ್ನಡದ ಕರಾವಳಿಯಲ್ಲಿ ಫುಟ್ಬಾಲ್ ಪ್ರೀತಿ ಇದೆ. ಹೋಗಿ ಬರುವ ದಾರಿ ಇಲ್ಲ.

ಅಂಗಿಯ ಹೆಸರು, ಬಾಯಿಯ ಹೆಸರು

ಎಫ್‌ಸಿ ಗೋವಾಕ್ಕೆ ‘ಗೌರ್ಸ್’ ಅಂತ ಅಡ್ಡಹೆಸರಿದೆ. ಕಾಡುಕೋಣ ಗೋವಾದ ರಾಜ್ಯಪ್ರಾಣಿ, ತಂಡದ ಲಾಂಛನದಲ್ಲೂ ಅದೇ. (ನಮ್ಮ ಜೋಯಿಡಾ, ಅಣಶಿ ಕಡೆಯವರಿಗೆ ಕಾಡುಕೋಣ ಹೊಸದೇನಲ್ಲ. ತೋಟಕ್ಕೆ ನುಗ್ಗಿದ ದಿನ ಅದಕ್ಕೆ ಯಾರೂ ಜೈ ಅನ್ನೋದಿಲ್ಲ, ಅದು ಬೇರೆ ಮಾತು.) ಇಂಗ್ಲಿಷ್ ಕಾಮೆಂಟರಿಯಲ್ಲಿ, ಪತ್ರಿಕೆಯ ತಲೆಬರಹದಲ್ಲಿ ಈ ಹೆಸರು ಚೆನ್ನಾಗಿ ಓಡುತ್ತದೆ. ಆದರೆ ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ “ನಿನ್ನೆ ಗೋವಾ ಗೆದ್ದಿತಾ?” ಅಂತಲೇ ಕೇಳುತ್ತಾರೆ. ಫಾತೋರ್ಡಾದ ಮೆಟ್ಟಿಲಿನಿಂದ ಬರುವ ಕೂಗು ‘ಫೋರ್ಸಾ ಗೋವಾ’. ಪೋರ್ಚುಗೀಸರು 1961ರಲ್ಲಿ ಹೋದರು, ಅವರ ಭಾಷೆಯ ಈ ‘ಫೋರ್ಸಾ’ (ಬಲ) ಉಳಿಯಿತು.

ಬೆಂಗಳೂರಿನದೂ ಇದೇ ಕಥೆ. ‘ಬ್ಲೂಸ್’ ಅಂತ ಬರೆಯುತ್ತಾರೆ, ಮೈದಾನದಲ್ಲಿ ಕೇಳೋದು ‘ಬಿಎಫ್‌ಸಿ, ಬಿಎಫ್‌ಸಿ’. ಇಲ್ಲಿ ಕ್ಲಬ್ಬಿಗೆ ಒಂದು ಶಹಬ್ಬಾಸ್ ಹೇಳಬೇಕು. 2013ರ ಜುಲೈನಲ್ಲಿ ಶುರುವಾದಾಗಲೇ ಅದು ‘ಬೆಂಗಳೂರು’ ಅಂತ ಹೆಸರಿಟ್ಟುಕೊಂಡಿತು. ಸರ್ಕಾರ ಇಂಗ್ಲಿಷಿನಲ್ಲೂ ಬೆಂಗಳೂರು ಅಂತ ಬರೆಯಲು ಶುರು ಮಾಡಿದ್ದು 2014ರ ನವೆಂಬರ್ 1ಕ್ಕೆ. ಕ್ರಿಕೆಟ್‌ನ ಆರ್‌ಸಿಬಿ ‘ಬ್ಯಾಂಗಲೋರ್’ ಬಿಟ್ಟದ್ದು 2024ರಲ್ಲಿ. ಊರಿನವರು ಊರನ್ನು ಹೇಗೆ ಕರೆಯುತ್ತಾರೋ ಹಾಗೇ ತಂಡವನ್ನೂ ಕರೆಯಬೇಕು ಅನ್ನುವ ಸಣ್ಣ ತಿಳಿವಳಿಕೆ ಅಲ್ಲಿ ಮೊದಲ ದಿನದಿಂದ ಇತ್ತು.

ಇನ್ನು ‘ವೆಸ್ಟ್ ಬ್ಲಾಕ್ ಬ್ಲೂಸ್’ ಅನ್ನುವ ಅಭಿಮಾನಿ ಬಳಗದ ಹೆಸರು. ಇದನ್ನು ಯಾವ ಜಾಹೀರಾತು ಕಂಪನಿಯೂ ಕೊಟ್ಟದ್ದಲ್ಲ. ಮೊದಲ ವರ್ಷ ಬೆಂಗಳೂರು ಎಫ್‌ಸಿ ಆಡಿದ್ದು ಅಶೋಕನಗರದ ಫುಟ್ಬಾಲ್ ಸ್ಟೇಡಿಯಂನಲ್ಲಿ. ಅಲ್ಲಿ ಪಶ್ಚಿಮದ ಸಾಲಿನಲ್ಲಿ ಕೂತು ಕೂಗುತ್ತಿದ್ದವರು ತಮ್ಮನ್ನು ಹಾಗೆ ಕರೆದುಕೊಂಡರು. 2014ರಲ್ಲಿ ತಂಡ ಕಂಠೀರವಕ್ಕೆ ಹೋಯಿತು, ಹೆಸರು ಹಿಂದೆಯೇ ಹೋಯಿತು. ಎಲ್ಲಿ ಕೂರುತ್ತಾರೆ ಅನ್ನೋದೇ ಯಾರು ಅನ್ನೋದಕ್ಕೆ ಉತ್ತರ ಆಯಿತು. ಟಿವಿ ಮುಂದೆ ಕೂತವರಿಗೆ ಇಂಥ ಹೆಸರು ಹುಟ್ಟೋದು ಸಾಧ್ಯವಾ? ಸೋಫಾಕ್ಕೆ ಪಶ್ಚಿಮ ಯಾವುದು, ಪೂರ್ವ ಯಾವುದು?

ನಮ್ಮ ಕಡೆ ಇದನ್ನು ಅರ್ಥ ಮಾಡಿಕೊಳ್ಳಲು ಯಕ್ಷಗಾನಕ್ಕಿಂತ ಹತ್ತಿರದ ದಾರಿ ಇಲ್ಲ. ಹೊನ್ನಾವರ, ಕುಮಟಾ ಕಡೆ “ಆಟಕ್ಕೆ ಹೋಗುವುದು” ಅಂದರೆ ಇವತ್ತಿಗೂ ಯಕ್ಷಗಾನಕ್ಕೆ ಹೋಗುವುದು. ಫುಟ್ಬಾಲು, ವಾಲಿಬಾಲು, ಕ್ರಿಕೆಟ್ಟು ಎಲ್ಲ ‘ಮ್ಯಾಚು’. ಮೇಳಗಳನ್ನು ಕರೆಯೋದು ಊರಿನಿಂದ, ಕ್ಷೇತ್ರದಿಂದ: ಇಡಗುಂಜಿ, ಪೆರ್ಡೂರು, ಸಾಲಿಗ್ರಾಮ, ಮಂದರ್ತಿ. ಮೇಳ ನಡೆಸುವವರು ಬದಲಾಗುತ್ತಾರೆ, ಭಾಗವತರು ಬದಲಾಗುತ್ತಾರೆ, ಕಲಾವಿದರು ಒಂದು ಮೇಳ ಬಿಟ್ಟು ಇನ್ನೊಂದಕ್ಕೆ ಹೋಗುತ್ತಾರೆ. ಮೇಳದ ಹೆಸರು ಮಾತ್ರ ಹಾಗೇ ಇರುತ್ತದೆ. ಒಂದು ಮೇಳದ ಕಟ್ಟಾ ಅಭಿಮಾನಿ ಚಳಿಯಲ್ಲಿ ರಾತ್ರಿಯಿಡೀ ಕೂತು, ಬೆಳಗಿನ ಬಸ್ಸಿಗೆ ಮನೆಗೆ ಬಂದು, ಮರುದಿನ ಇನ್ನೊಂದು ಮೇಳದವನ ಜೊತೆ ಜಗಳ ಆಡುತ್ತಾನೆ. ಫುಟ್ಬಾಲ್ ಅಭಿಮಾನ ಅಂದರೆ ಹೀಗೇ ಇರುತ್ತದೆ ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಚಿಕ್ಕ ಮೈದಾನದ ಮಟ್ಟದಲ್ಲೂ ಹಾಗೇ. ಟೂರ್ನಿಗೆ ಹೆಸರು ಕೊಡುವಾಗ ಹುಡುಗರು ಏನೇನೋ ಬಣ್ಣದ ಇಂಗ್ಲಿಷ್ ಹೆಸರು ಬರೆಸುತ್ತಾರೆ. ಆಟ ಶುರುವಾದ ಮೇಲೆ ಗೆರೆಯ ಹೊರಗೆ ನಿಂತವರ ಬಾಯಲ್ಲಿ ಇರೋದು ಕೋಡಿಬಾಗದವ್ರು, ಬೈತಖೋಲದವ್ರು, ಸದಾಶಿವಗಡದವ್ರು. ಕೊಂಕಣಿಯಲ್ಲಾದರೆ ಸೀದಾ ‘ಆಮ್ಚೆ’. ಘಟ್ಟದ ಮೇಲೆ ಶಿರಸಿಯಲ್ಲಾದರೂ ವಾಲಿಬಾಲ್ ಟೂರ್ನಿಗೆ ಹೋದರೆ ಇದೇ ಕೇಳುತ್ತೀರಿ, ಊರಿನ ಹೆಸರಿಗೆ ಒಂದು ‘ನವ್ರು’ ಸೇರಿಸಿದರೆ ತಂಡದ ಹೆಸರು ತಯಾರು.

ಹೋಗುವ ದಾರಿಯೂ ಹೆಸರಿನ ಭಾಗ

ಈ ಗುಣ ಎಲ್ಲಿಯದೂ ಹೌದು. ಪೂರ್ವ ಲಂಡನ್ನಿನ ವೆಸ್ಟ್ ಹ್ಯಾಮ್ ತಂಡ 1895ರಲ್ಲಿ ಹುಟ್ಟಿದ್ದು ಥೇಮ್ಸ್ ಐರನ್‌ವರ್ಕ್ಸ್ ಅನ್ನುವ ಹಡಗು ಕಟ್ಟುವ ಕಾರ್ಖಾನೆಯ ಕೆಲಸಗಾರರ ತಂಡವಾಗಿ. 1900ರಲ್ಲಿ ವೆಸ್ಟ್ ಹ್ಯಾಮ್ ಯುನೈಟೆಡ್ ಅಂತಾಯಿತು. ಪತ್ರಿಕೆಗಳು ‘ಹ್ಯಾಮರ್ಸ್’ ಅಂತ ಬರೆಯುತ್ತವೆ. ಮೈದಾನದಲ್ಲಿ ಅಭಿಮಾನಿಗಳು ಕೂಗೋದು ‘ಐರನ್ಸ್’. ಆ ಕಾರ್ಖಾನೆ ಮುಚ್ಚಿ ನೂರು ವರ್ಷ ದಾಟಿತು, ಕೂಗು ನಿಂತಿಲ್ಲ. ಆ ತಂಡದ ಮೈದಾನಕ್ಕೆ ಕಾಗದದ ಮೇಲಿನ ಹೆಸರು ಬೊಲಿನ್ ಗ್ರೌಂಡ್. ಹೆಚ್ಚಿನ ಜನ ಕರೆದದ್ದು ಆ ಪ್ರದೇಶದ ಹೆಸರಿನಿಂದ, ಅಪ್ಟನ್ ಪಾರ್ಕ್. ರೈಲು ಇಳಿದು, ಗ್ರೀನ್ ಸ್ಟ್ರೀಟ್ ಹಿಡಿದು, ಅಂಗಡಿ ಸಾಲು ದಾಟಿ ನಡೆಯುವುದೇ ಪಂದ್ಯದ ಅರ್ಧ ಭಾಗ. 2016ರಲ್ಲಿ ಕ್ಲಬ್ ಅದನ್ನು ಬಿಟ್ಟು ಒಲಿಂಪಿಕ್ಸ್‌ಗೆ ಕಟ್ಟಿದ್ದ ಸ್ಟೇಡಿಯಂಗೆ ಹೋಯಿತು. ಸೀಟು ಜಾಸ್ತಿ, ಸೌಕರ್ಯ ಜಾಸ್ತಿ. ಆದರೂ ಮೈದಾನ ದೂರ, ಬೀದಿ ಇಲ್ಲ, ಇದು ನಮ್ಮದಲ್ಲ ಅನ್ನುವ ಗೊಣಗಾಟ ಇನ್ನೂ ಹೋಗಿಲ್ಲ.

ಲಿವರ್‌ಪೂಲ್ ನಗರದ ಎವರ್ಟನ್ ಕೂಡ 2025ರಲ್ಲಿ ಇದೇ ಹಾದಿ ಹಿಡಿಯಿತು. 1892ರಿಂದ ಆಡುತ್ತಿದ್ದ ಗೂಡಿಸನ್ ಪಾರ್ಕ್ ಬಿಟ್ಟು ನದಿಯ ಪಕ್ಕದ ಹೊಸ ಸ್ಟೇಡಿಯಂಗೆ ಹೋಯಿತು. ಹೊಸದಕ್ಕೆ ಒಂದು ವಕೀಲರ ಸಂಸ್ಥೆಯ ಹೆಸರಿದೆ, ಹಣ ಕೊಟ್ಟು ಪಡೆದದ್ದು. ಹಳೆಯ ಮೈದಾನವನ್ನು ಕೆಡವದೆ ಮಹಿಳಾ ತಂಡಕ್ಕೆ ಉಳಿಸಿಕೊಂಡದ್ದು ಒಳ್ಳೆಯ ಕೆಲಸ. ಶನಿವಾರ ಮಧ್ಯಾಹ್ನ ಅದೇ ಬೀದಿಗೆ ಹೋಗುವ ಅಭ್ಯಾಸಕ್ಕೆ ಒಂದು ಜಾಗವಾದರೂ ಉಳಿಯಿತು.

ಅರ್ಜೆಂಟೀನಾದಲ್ಲಿ ಇನ್ನೂ ಮಜಾ. ಅಲ್ಲಿ ಎದುರಾಳಿ ಕೊಟ್ಟ ಬೈಗುಳವೂ ತಂಡದ ಹೆಸರಾಗುತ್ತದೆ. 1966ರ ಕೋಪಾ ಲಿಬರ್ಟಡೋರೆಸ್ ಫೈನಲ್‌ನಲ್ಲಿ ರಿವರ್ ಪ್ಲೇಟ್ ತಂಡ ಪೆನಾರೋಲ್ ಎದುರು 2-0 ಮುಂದಿತ್ತು, ಕೊನೆಗೆ 2-4ರಿಂದ ಸೋತಿತು. ಅದಾದ ಮೇಲೆ ಬಾನ್‌ಫೀಲ್ಡ್ ತಂಡದ ಅಭಿಮಾನಿಗಳು ಮೈದಾನಕ್ಕೆ ಒಂದು ಕೋಳಿ ಬಿಟ್ಟರು. ಅಂದಿನಿಂದ ರಿವರ್‌ನವರು ‘ಕೋಳಿಗಳು’. ಮೊದಲು ಸಿಟ್ಟು ಬಂತು, ಆಮೇಲೆ ಅವರೇ ಆ ಹೆಸರನ್ನು ಎತ್ತಿಕೊಂಡರು. ಇಂಥದ್ದನ್ನು ಮೀಟಿಂಗ್ ಮಾಡಿ ಹುಟ್ಟಿಸಲು ಆಗೋದಿಲ್ಲ. ಅದಕ್ಕೆ ಮೈದಾನ ಬೇಕು, ಎದುರು ಪಕ್ಷದವರು ಬೇಕು, ಒಂದು ಕೋಳಿಯೂ ಬೇಕು.

ಕೋಲ್ಕತ್ತದ ಪಾಠ, ಕಲಿಸಿದ್ದು ಫಾತೋರ್ಡಾದಲ್ಲಿ

ನಮ್ಮ ದೇಶದಲ್ಲಿ ಈ ಜಗಳ ಎಲ್ಲಕ್ಕಿಂತ ಜೋರಾಗಿ ನಡೆದದ್ದು ಕೋಲ್ಕತ್ತದಲ್ಲಿ. ಮೋಹನ್ ಬಗಾನ್ 1889ರಲ್ಲಿ ಹುಟ್ಟಿದ ಕ್ಲಬ್. 1911ರಲ್ಲಿ ಒಬ್ಬರನ್ನು ಬಿಟ್ಟು ಎಲ್ಲರೂ ಬರಿಗಾಲಿನಲ್ಲಿ ಆಡಿ, ಬ್ರಿಟಿಷ್ ಸೇನೆಯ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದ ತಂಡ. ಈಸ್ಟ್ ಬೆಂಗಾಲ್ 1920ರದ್ದು. ಇಬ್ಬರ ಜಗಳ ಮೀನಿನ ಅಂಗಡಿಯವರೆಗೂ ಹೋಗುತ್ತದೆ. ಬಗಾನ್ ಗೆದ್ದರೆ ಸಿಗಡಿ, ಈಸ್ಟ್ ಬೆಂಗಾಲ್ ಗೆದ್ದರೆ ಇಲಿಶ್. (ಕಾರವಾರದಲ್ಲೂ ಇಂಥ ಪದ್ಧತಿ ಇದ್ದಿದ್ದರೆ ಬಂಗುಡೆ ಯಾರ ಪಾಲಿಗೆ ಅಂತ ಜಗಳ ಆಗುತ್ತಿತ್ತು.) ಪಂದ್ಯಕ್ಕೆ ಹೋಗುವುದನ್ನು ಅಲ್ಲಿನವರು ಸುಮ್ನೆ ‘ಮಾಠೇ’ ಹೋಗುವುದು ಅನ್ನುತ್ತಾರೆ, ಅಂದರೆ ಮೈದಾನಕ್ಕೆ. ಯಾವ ಮೈದಾನ, ಯಾವ ಆಟ ಅಂತ ಬಿಡಿಸಿ ಹೇಳುವ ಅಗತ್ಯ ಇಲ್ಲ.

2020ರಲ್ಲಿ ಐಎಸ್‌ಎಲ್ ತಂಡ ಎಟಿಕೆಯ ಮಾಲೀಕರು ಮೋಹನ್ ಬಗಾನ್‌ನ ಫುಟ್ಬಾಲ್ ಘಟಕದ ಶೇ 80ರಷ್ಟು ಪಾಲು ತೆಗೆದುಕೊಂಡರು. ತಂಡದ ಹೆಸರು ‘ಎಟಿಕೆ ಮೋಹನ್ ಬಗಾನ್’ ಅಂತಾಯಿತು. ಹಸಿರು-ಮರೂನ್ ಬಣ್ಣ ಉಳಿಯಿತು, ಹಾಯಿ ದೋಣಿಯ ಗುರುತೂ ಉಳಿಯಿತು. ಮುಂದೆ ಸೇರಿದ್ದು ಮೂರಕ್ಷರ. ಅದಕ್ಕೇ ಅಭಿಮಾನಿಗಳು ಮೂರು ವರ್ಷ ಸಮಾಧಾನ ಆಗಲಿಲ್ಲ. ಎಟಿಕೆ ತೆಗೆಯಿರಿ ಅಂತ ಫಲಕ ಹಿಡಿದರು, ಮೆರವಣಿಗೆ ಮಾಡಿದರು. ತಂಡ ಗೆಲ್ಲುತ್ತಿತ್ತು, ಆದರೂ ಬಿಡಲಿಲ್ಲ.

ಕೊನೆಗೆ ಆ ಮೂರಕ್ಷರ ಬಿದ್ದದ್ದು ಎಲ್ಲಿ ಗೊತ್ತಾ? ನಮ್ಮ ಪಕ್ಕದ ಫಾತೋರ್ಡಾದಲ್ಲಿ. 2023ರ ಮಾರ್ಚ್ 18, ಐಎಸ್‌ಎಲ್ ಫೈನಲ್. ಎದುರಾಳಿ ಬೆಂಗಳೂರು ಎಫ್‌ಸಿ. ಆಟ 2-2, ಪೆನಾಲ್ಟಿಯಲ್ಲಿ 4-3ರಿಂದ ಬೆಂಗಳೂರು ಸೋತಿತು. ಗೆದ್ದ ಮೇಲೆ ಮಾಲೀಕ ಸಂಜೀವ್ ಗೋಯೆಂಕಾ, ಮುಂದಿನ ಸೀಸನ್‌ನಿಂದ ಎಟಿಕೆ ಇರೋದಿಲ್ಲ, ತಂಡ ‘ಮೋಹನ್ ಬಗಾನ್ ಸೂಪರ್ ಜೈಂಟ್ಸ್’ ಅಂತ ಘೋಷಿಸಿದರು. ಆಮೇಲೆ ಅದು ‘ಸೂಪರ್ ಜೈಂಟ್’ ಆಯಿತು. ಹಿಂದಿನ ಬಾಲ ಯಾರಿಗೂ ಬೇಕಾಗಿರಲಿಲ್ಲ, ಆದರೆ ಮುಂದಿನ ತಲೆ ಹೋದದ್ದೇ ದೊಡ್ಡ ಗೆಲುವು. ಮೈದಾನದಲ್ಲಿ ಕೂಗು ಮೊದಲೂ ‘ಜಾಯ್ ಮೋಹನ್ ಬಗಾನ್’, ಈಗಲೂ ಅದೇ.

ಬ್ರಿಟನ್ನಿನಲ್ಲೂ ಮಾಲೀಕರು ಕೈ ಸುಟ್ಟುಕೊಂಡಿದ್ದಾರೆ. ಕಾರ್ಡಿಫ್ ಸಿಟಿಯ ವಿನ್ಸೆಂಟ್ ಟಾನ್ 2012ರಲ್ಲಿ ನೀಲಿ ಅಂಗಿಯನ್ನು ಕೆಂಪು ಮಾಡಿದರು, 2015ರಲ್ಲಿ ವಾಪಸ್ ನೀಲಿ. ಹಲ್ ಸಿಟಿಯನ್ನು ‘ಹಲ್ ಟೈಗರ್ಸ್’ ಮಾಡಲು ಹೊರಟ ಅಸ್ಸೆಂ ಅಲ್ಲಂ ಅವರಿಗೆ 2014ರಲ್ಲಿ ಇಂಗ್ಲೆಂಡಿನ ಫುಟ್ಬಾಲ್ ಸಂಸ್ಥೆಯೇ ಬೇಡ ಅಂದಿತು. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಮಾತ್ರ ಮಾಲೀಕರು ಬಗ್ಗಲಿಲ್ಲ. 2005ರಲ್ಲಿ ರೆಡ್ ಬುಲ್ ಕಂಪನಿ ತಂಡವನ್ನು ಕೊಂಡು ಹೆಸರು, ನೇರಳೆ ಬಣ್ಣ ಎರಡನ್ನೂ ತೆಗೆದುಹಾಕಿತು. ಹಳೆಯ ಅಭಿಮಾನಿಗಳು ಹಳೆಯ ಹೆಸರಿನಲ್ಲಿ ಬೇರೆಯೇ ತಂಡ ಕಟ್ಟಿ ಕೆಳಗಿನ ಲೀಗಿನಿಂದ ಶುರು ಮಾಡಿದರು. ಲಂಡನ್ನಿನ ವಿಂಬಲ್ಡನ್‌ನವರೂ ಅಷ್ಟೇ. ತಂಡವನ್ನು ಮಿಲ್ಟನ್ ಕೀನ್ಸ್‌ಗೆ ಸಾಗಿಸಲು 2002ರಲ್ಲಿ ಒಪ್ಪಿಗೆ ಸಿಕ್ಕಾಗ, ಅದೇ ವರ್ಷ ಎಎಫ್‌ಸಿ ವಿಂಬಲ್ಡನ್ ಕಟ್ಟಿದರು. 2020ರಲ್ಲಿ ತಮ್ಮ ಹಳೆಯ ಬೀದಿ ಪ್ಲೋ ಲೇನ್‌ಗೆ ವಾಪಸ್ ಬಂದರು. ಹದಿನೆಂಟು ವರ್ಷ ಹಿಡಿಯಿತು. ಹೈದರಾಬಾದಿನಲ್ಲಿ ಯಾರಾದರೂ ಹಾಗೆ ಮಾಡುತ್ತಾರಾ? ಆರು ವರ್ಷದ ತಂಡಕ್ಕೆ ಅಷ್ಟು ಬೇರು ಇಳಿದಿರೋದಿಲ್ಲ ಅಂತ ನನ್ನ ಲೆಕ್ಕ.

ಹಾಗಾದರೆ ಕಂಪನಿ ಹೆಸರು ಯಾವತ್ತೂ ನಿಲ್ಲೋದಿಲ್ಲವಾ?

ನಿಲ್ಲುತ್ತದೆ. ಅದಕ್ಕೆ ಒಳ್ಳೆಯ ಉದಾಹರಣೆ ಗೋವಾವೇ.

ಕಾರವಾರದ ಹಳಬರನ್ನು ಕೇಳಿ. ಅವರಿಗೆ ಗೋವಾ ಫುಟ್ಬಾಲ್ ಅಂದರೆ ಸಾಳಗಾಂವ್‌ಕರ್, ಡೆಂಪೊ, ಚರ್ಚಿಲ್. ಮೊದಲ ಎರಡು ಗಣಿ ಮತ್ತು ಹಡಗು ವ್ಯಾಪಾರದ ಮನೆತನಗಳ ಹೆಸರು. ಮೂರನೆಯದು ವಾರ್ಕಾ ಊರಿನ ಅಣ್ಣತಮ್ಮಂದಿರದ್ದು. ಸಾಳಗಾಂವ್‌ಕರ್ ಕ್ಲಬ್ ಶುರುವಾದದ್ದು 1956ರಲ್ಲಿ, ಆಗಿನ್ನೂ ಅಲ್ಲಿ ಪೋರ್ಚುಗೀಸರ ಆಳ್ವಿಕೆ. ಡೆಂಪೊ ರಾಷ್ಟ್ರೀಯ ಲೀಗನ್ನು ಐದು ಸಲ ಗೆದ್ದಿತು: 2004-05, 2006-07, 2007-08, 2009-10, 2011-12. ಸಾಳಗಾಂವ್‌ಕರ್ ಎರಡು ಸಲ, ಚರ್ಚಿಲ್ ಎರಡು ಸಲ. ಒಂದು ಕಾಲದಲ್ಲಿ ದೇಶದ ಫುಟ್ಬಾಲ್ ಈ ಚಿಕ್ಕ ರಾಜ್ಯದ ಮೂರು ಮನೆಗಳ ಹೆಸರಿನಲ್ಲಿ ನಡೆಯುತ್ತಿತ್ತು. “ಇವತ್ತು ಡೆಂಪೊ–ಚರ್ಚಿಲ್” ಅಂದರೆ ಸಾಕು, ಮಿಕ್ಕದ್ದನ್ನು ಹೇಳಬೇಕಾಗಿರಲಿಲ್ಲ.

ಎಟಿಕೆಯನ್ನು ಒಪ್ಪದ ಅಭಿಮಾನಿಯ ಮನಸ್ಸು ಡೆಂಪೊವನ್ನು ಹೇಗೆ ಒಪ್ಪಿತು? ಮೊದಲ ಕಾರಣ, ಇಲ್ಲಿ ಹಳೆಯ ಹೆಸರನ್ನು ಒರೆಸಿ ಹೊಸದು ಬರೆದರು ಅನ್ನುವ ನೋವು ಯಾರಿಗೂ ಇರಲಿಲ್ಲ. ಜನ ಕಣ್ಣು ಬಿಡುವಾಗಲೇ ಅದು ಡೆಂಪೊ. ನೆದರ್‌ಲ್ಯಾಂಡ್ಸ್‌ನ ಪಿಎಸ್‌ವಿ ತಂಡದ ಹೆಸರಿನಲ್ಲಿ 1913ರಿಂದ ಫಿಲಿಪ್ಸ್ ಕಂಪನಿ ಇದೆ, ಜರ್ಮನಿಯ ಲೆವರ್‌ಕೂಸನ್ ಹೆಸರಿನಲ್ಲಿ ಔಷಧ ಕಂಪನಿ ಬೇಯರ್ ಇದೆ. ಅಲ್ಲೂ ಅಷ್ಟೇ, ಕಾರ್ಖಾನೆಯವರೇ ಆಡಿದರು, ಕಾರ್ಖಾನೆಯವರೇ ನೋಡಿದರು. ಎರಡನೆಯದು, ಈ ಮನೆಗಳು ಊರಿನವು. ಮಾಲೀಕರು ಎಲ್ಲಿದ್ದಾರೆ ಅಂತ ಜನರಿಗೆ ಗೊತ್ತಿತ್ತು, ಬೈಯಬೇಕಾದರೂ ಹೋಗಿ ಬೈಯಬಹುದಿತ್ತು. ಮೂರನೆಯದು ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅವರು ಆಡಿದ ಮೈದಾನಕ್ಕೆ ಜನ ನಡೆದು, ಬೈಕಿನಲ್ಲಿ, ಬಸ್ಸಿನಲ್ಲಿ ಹೋಗುತ್ತಿದ್ದರು. 1989ರಲ್ಲಿ ಫಾತೋರ್ಡಾ ಬಂದ ಮೇಲೆ ಅದು ಎಲ್ಲರ ಮೈದಾನವಾಯಿತು.

ಇಂಥ ಹೆಸರೂ ನೋಡುನೋಡುತ್ತಾ ಕಾಣೆಯಾಯಿತು. 2012ರಲ್ಲಿ ಗೋವಾದ ಕಬ್ಬಿಣದ ಅದಿರು ಗಣಿಗಾರಿಕೆ ನಿಂತಿತು. 2014ರಲ್ಲಿ ಐಎಸ್‌ಎಲ್ ಬಂತು, ಎಫ್‌ಸಿ ಗೋವಾ ಹುಟ್ಟಿತು. 2016ರಲ್ಲಿ ಡೆಂಪೊ, ಸಾಳಗಾಂವ್‌ಕರ್, ಗೋವಾದ್ದೇ ಆದ ಸ್ಪೋರ್ಟಿಂಗ್ ಕ್ಲಬ್ ಮೂರೂ ಆಗಿನ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್‌ನಿಂದ ಹೊರಬಂದವು. ಮೇಲಿನ ಲೀಗ್ ಐಎಸ್‌ಎಲ್ ಆಗುವುದಾದರೆ ನಾವು ಯಾಕೆ ಹಣ ಸುರಿಯಬೇಕು ಅನ್ನೋದು ಅವರ ವಾದ. ಅದು ತಪ್ಪು ವಾದ ಅಂತ ನನಗೆ ಅನ್ನಿಸೋದಿಲ್ಲ. ಡೆಂಪೊ ಮತ್ತೆ ಐ-ಲೀಗಿಗೆ ಬಂದದ್ದು 2024-25ರಲ್ಲಿ. ನಡುವೆ ಬೆಳೆದ ಮಕ್ಕಳಿಗೆ ಡೆಂಪೊ ಅಂದರೆ ಅಪ್ಪ ಹೇಳುವ ಕಥೆ.

ಕಾರವಾರಕ್ಕೆ ಬೆಂಗಳೂರು ಬಂದದ್ದು 1956ರಲ್ಲಿ

ಈಗ ನಮ್ಮ ಕಡೆಗೆ ಬರೋಣ. ಕಾರವಾರದವರ ಫುಟ್ಬಾಲ್ ಮನಸ್ಸು ಗೋವಾ ಕಡೆ ಹೊರಳುವುದನ್ನು ನೋಡಿ ಬೆಂಗಳೂರಿನ ಗೆಳೆಯರು ಆಶ್ಚರ್ಯ ಪಡುತ್ತಾರೆ. ಇತಿಹಾಸ ನೋಡಿದರೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಉತ್ತರ ಕನ್ನಡ 1862ರಿಂದ 1956ರವರೆಗೆ ಮುಂಬೈ ಪ್ರಾಂತ್ಯದಲ್ಲಿತ್ತು. ಬೆಂಗಳೂರಿನಲ್ಲಿ ಆಗ ಒಳ್ಳೆಯ ಫುಟ್ಬಾಲ್ ಇತ್ತು. ಬೆಂಗಳೂರು ಮುಸ್ಲಿಮ್ಸ್ ತಂಡ 1937, 1938ರಲ್ಲಿ ಮುಂಬೈನ ರೋವರ್ಸ್ ಕಪ್ ಗೆದ್ದಿತು. ಮೈಸೂರು ತಂಡ 1946-47ರಲ್ಲಿ, 1952-53ರಲ್ಲಿ ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ ಗೆದ್ದಿತು. ಆದರೆ ಅದು ಬೇರೆ ರಾಜ್ಯದ ತಂಡ. ನಮ್ಮ ಅಜ್ಜಂದಿರಿಗೆ ಆ ಗೆಲುವು ‘ನಮ್ಮದು’ ಅನ್ನಿಸುವ ಕಾರಣವೇ ಇರಲಿಲ್ಲ. ಆ ಕಡೆ ಮಾಜಾಳಿಯಿಂದ ಮುಂದೆ ಪರದೇಶ. 1961ರ ಡಿಸೆಂಬರ್ 19ರ ನಂತರವಷ್ಟೇ ಆ ಗಡಿ ಸಡಿಲವಾದದ್ದು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಮಡಗಾಂವ್ ಇನ್ನೂ ಹತ್ತಿರವಾಯಿತು.

ಹತ್ತಿರ ಅಂದರೂ ಪಂದ್ಯಕ್ಕೆ ಹೋಗಿ ಬರೋದು ಸುಲಭ ಅಂತಲ್ಲ. ಪಂದ್ಯ ಹೆಚ್ಚಾಗಿ ಶುರುವಾಗೋದು ರಾತ್ರಿ 7.30ಕ್ಕೆ, ಮುಗಿಯೋದು 9.30ರ ಹೊತ್ತಿಗೆ. ಟಿವಿಗೆ ಒಳ್ಳೆಯ ಸಮಯ, ಗಡಿಯಾಚೆಯಿಂದ ಬಂದವನಿಗೆ ಕೆಟ್ಟ ಸಮಯ. ವಾಪಸ್ ಬರುವಾಗ ಕತ್ತಲಲ್ಲಿ ಕರ್ಮಲ್ ಘಾಟಿನ ತಿರುವುಗಳು. ರೈಲಿಗೆ ಕಾದರೂ ಇಳಿಯೋದು ಶಿರವಾಡದಲ್ಲಿ, ಅಲ್ಲಿಂದ ಪೇಟೆಗೆ ಮತ್ತೆ ರಿಕ್ಷಾ ಹುಡುಕಬೇಕು. ಕೊನೆಗೆ ಕಾಳಿ ನದಿ. 2024ರ ಆಗಸ್ಟ್ 7ರ ನಡುರಾತ್ರಿ ಕೋಡಿಬಾಗ–ಸದಾಶಿವಗಡದ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು, ಚಾಲಕನನ್ನು ಮೀನುಗಾರರು, ಪೊಲೀಸರು ಸೇರಿ ಬದುಕಿಸಿದರು. ಆಮೇಲೆ ಎರಡೂ ಕಡೆಯ ವಾಹನಗಳಿಗೆ ಇದ್ದದ್ದು ಪಕ್ಕದ ಹೊಸ ಸೇತುವೆ ಒಂದೇ. ಇಷ್ಟೆಲ್ಲ ದಾಟಿ ಹೋಗಿ ಬರುವವನು ಅಭಿಮಾನಿ ಅಂತ ಒಪ್ಪಲೇಬೇಕು, ಯಾವ ಅಂಗಿ ಹಾಕಿದ್ದರೂ.

ಮಿಕ್ಕವರು ಏನು ಮಾಡುತ್ತಾರೆ? ಮೊಬೈಲಿನಲ್ಲಿ ನೋಡುತ್ತಾರೆ. ಮೊಬೈಲಿನಲ್ಲಿ ನೋಡೋದಾದರೆ ಗೋವಾ, ಬೆಂಗಳೂರೇ ಯಾಕೆ? ಮ್ಯಾಡ್ರಿಡ್ ಇದೆ, ಬಾರ್ಸಿಲೋನಾ ಇದೆ, ಮ್ಯಾಂಚೆಸ್ಟರ್ ಇದೆ. ಅದೂ ಅಲ್ಲ, ಈಗಿನ ಹುಡುಗರು ತಂಡದ ಹೆಸರನ್ನೇ ಹೇಳೋದಿಲ್ಲ. “ನಾನು ಮೆಸ್ಸಿ”, “ನಾನು ರೊನಾಲ್ಡೊ”. ಆಟಗಾರ ಎಲ್ಲಿ ಹೋದರೆ ಅಭಿಮಾನವೂ ಅಲ್ಲಿಗೆ. 2025ರ ಅಕ್ಟೋಬರ್ 22ರಂದು ಏಷ್ಯಾದ ಕ್ಲಬ್ ಟೂರ್ನಿಯಲ್ಲಿ ಆಡಲು ಸೌದಿಯ ಅಲ್ ನಸ್ರ್ ಫಾತೋರ್ಡಾಕ್ಕೇ ಬಂತು. ರೊನಾಲ್ಡೊ ಮಾತ್ರ ಬರಲಿಲ್ಲ. ಟಿಕೆಟ್ ಆಸೆ ಇಟ್ಟುಕೊಂಡಿದ್ದ ಎಷ್ಟೋ ಜನರಿಗೆ ಆಸಕ್ತಿ ಅಲ್ಲಿಗೇ ಮುಗಿಯಿತು. ಎಫ್‌ಸಿ ಗೋವಾ 1-2ರಿಂದ ಸೋತಿತು, ಒಂದು ಗೋಲು ಗೋವಾದ ಹುಡುಗ ಬ್ರೈಸನ್ ಫೆರ್ನಾಂಡಿಸ್ ಹೊಡೆದದ್ದು. ನನ್ನ ಮಟ್ಟಿಗೆ ಸುದ್ದಿ ಅದು. ಬಾರದವನ ಬಗ್ಗೆ ಬಂದ ಮಾತು ಇದಕ್ಕಿಂತ ಜಾಸ್ತಿ.

ಮೊಬೈಲಿನಲ್ಲಿ ನೋಡುವುದು ತಪ್ಪು ಅಂತ ನಾನು ಹೇಳೋದಿಲ್ಲ. ಎಲ್ಲರಿಗೂ ಪ್ರಯಾಣ ಮಾಡುವ ಹಣ, ಸಮಯ ಇರೋದಿಲ್ಲ. ಹೆಣ್ಣುಮಕ್ಕಳಿಗೆ ರಾತ್ರಿ ಹತ್ತರ ಮೇಲೆ ಘಟ್ಟ ಇಳಿದು ಬರೋದು ಇನ್ನೂ ಕಷ್ಟ. ಆದರೆ ಫುಟ್ಬಾಲ್ ನಡೆಸುವವರಿಗೆ ಒಂದು ವಿಷಯ ಗೊತ್ತಿರಬೇಕು. 2018ರ ಜೂನ್ 1ರಂದು ಮುಂಬೈನಲ್ಲಿ ಭಾರತ ತಂಡ ಚೈನೀಸ್ ತೈಪೆಯನ್ನು 5-0ಯಿಂದ ಸೋಲಿಸಿದಾಗ ನೋಡಲು ಬಂದಿದ್ದವರು ಮೂರು ಸಾವಿರವೂ ಇರಲಿಲ್ಲ. ಮರುದಿನ ಛೆಟ್ರಿ ವಿಡಿಯೊ ಮಾಡಿ, ಬೈಯಲಿಕ್ಕಾದರೂ ಮೈದಾನಕ್ಕೆ ಬನ್ನಿ ಅಂತ ಕೇಳಿಕೊಂಡರು. ಜೂನ್ 4ರ ಕೀನ್ಯಾ ಪಂದ್ಯಕ್ಕೆ ಟಿಕೆಟ್ ಪೂರ್ತಿ ಮಾರಾಟ ಆಯಿತು. ಕರೆದರೆ ಜನ ಬರುತ್ತಾರೆ. ಕರೆಯುವ ಕೆಲಸವನ್ನು ಪ್ರತಿ ಸಲ ಛೆಟ್ರಿಯೇ ಮಾಡಬೇಕಾ?

ನಮ್ಮ ಜಿಲ್ಲೆಯ ಲೆಕ್ಕದಲ್ಲಿ ಒಂದು ಅವಕಾಶ ಎದುರಿಗೇ ಇದೆ. ಬೆಂಗಳೂರು ಎಫ್‌ಸಿಯ ಕಥೆಯಲ್ಲಿ ಫಾತೋರ್ಡಾ ಎಷ್ಟು ಸಲ ಬರುತ್ತದೆ ನೋಡಿ. 2014ರ ಏಪ್ರಿಲ್‌ನಲ್ಲಿ ಡೆಂಪೊವನ್ನು 4-2ರಿಂದ ಸೋಲಿಸಿ ತನ್ನ ಮೊದಲ ಐ-ಲೀಗ್ ಪಕ್ಕಾ ಮಾಡಿಕೊಂಡದ್ದು ಅಲ್ಲಿ. 2023ರ ಫೈನಲ್ ಸೋತದ್ದು ಅಲ್ಲಿ. 2025ರಲ್ಲಿ ಛೆಟ್ರಿ ತಲೆ ಕೊಟ್ಟದ್ದೂ ಅಲ್ಲಿ. ಬೆಂಗಳೂರಿನ ಅಭಿಮಾನಿ ಆ ಮೈದಾನಕ್ಕೆ ಬರಬೇಕಾದರೆ ಒಂದು ರಾತ್ರಿಯ ಬಸ್ಸು, ಒಂದು ರಜೆ. ಕಾರವಾರ, ಅಂಕೋಲಾದವನಿಗೆ ಮಧ್ಯಾಹ್ನ ಊಟ ಮಾಡಿ ಹೊರಟರೆ ಸಾಕು. ಕರ್ನಾಟಕದ ತಂಡ ಗೋವಾದಲ್ಲಿ ಆಡುವಾಗ ಅದರ ಹಿಂದೆ ನಿಲ್ಲುವ ಜನ ಇರೋದು ಈ ಕರಾವಳಿಯಲ್ಲಿ. ಕ್ಲಬ್ಬಿನವರು ವರ್ಷಕ್ಕೆ ಒಂದು ಸಲ, ಆ ಒಂದು ಪಂದ್ಯಕ್ಕೆ, ಕಾರವಾರದಿಂದ ಹೋಗಿ ಬರುವ ಎರಡು ಬಸ್ಸು ಇಟ್ಟು ಐವತ್ತು ಟಿಕೆಟ್ ಬದಿಗಿಟ್ಟರೆ ಹೆಚ್ಚಿನ ಖರ್ಚೇನೂ ಆಗೋದಿಲ್ಲ. ಎಫ್‌ಸಿ ಗೋವಾದವರಿಗೂ ಇದೇ ಮಾತು. ಕಾಣಕೋಣದವರೆಗೆ ಬರುವ ಅವರ ಪ್ರಚಾರ ಇನ್ನೊಂದಿಷ್ಟು ದೂರ, ಮಾಜಾಳಿ ಈಚೆಗೂ ಬರಬಹುದು.

ರಾಜ್ಯದ ಫುಟ್ಬಾಲ್ ಸಂಸ್ಥೆಗೂ ಇದರಲ್ಲಿ ಪಾಲಿದೆ. ಕರ್ನಾಟಕ 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಹಿಂದೆ ಗೆದ್ದಾಗ ರಾಜ್ಯದ ಹೆಸರು ಇನ್ನೂ ಮೈಸೂರು. ಕರ್ನಾಟಕ ಅನ್ನುವ ಹೆಸರಿಗೆ ಸಿಕ್ಕ ಮೊದಲ ಸಂತೋಷ್ ಟ್ರೋಫಿ ಇದು. ನಮ್ಮ ಜಿಲ್ಲೆ ಅದನ್ನು ಪೂರ್ತಿ ಹಕ್ಕಿನಿಂದ ನಮ್ಮದು ಅನ್ನಬಹುದಿತ್ತು. ಆ ಟ್ರೋಫಿಯನ್ನು ಒಂದು ದಿನ ಕಾರವಾರದ ಮಾಲಾದೇವಿ ಮೈದಾನಕ್ಕೆ ತಂದು, ಅದೇ ತಂಡದವರು ಊರಿನ ಹುಡುಗರ ಜೊತೆ ಒಂದು ಪಂದ್ಯ ಆಡಿದ್ದರೆ ಎಷ್ಟು ಜನ ಸೇರುತ್ತಿದ್ದರು! ಫೈನಲ್ಲನ್ನು ಸೌದಿಗೆ ಸಾಗಿಸಲು ಆಗುತ್ತದೆ ಅಂದಮೇಲೆ ಕಾರವಾರಕ್ಕೆ ಒಂದು ಸೌಹಾರ್ದ ಪಂದ್ಯ ತರೋದು ಅಷ್ಟೇನೂ ಕಷ್ಟದ ಕೆಲಸ ಅಲ್ಲ, ಅಲ್ವಾ?

ಬಸ್ಸು ಹೊರಟರೆ ಅದರಲ್ಲಿ ನೀಲಿ ಅಂಗಿಯವರೂ ಇರುತ್ತಾರೆ, ಕಿತ್ತಳೆ ಅಂಗಿಯವರೂ ಇರುತ್ತಾರೆ. ಪೋಳೆಂ ದಾಟುವವರೆಗೆ ಒಂದೇ ಗುಂಪು, ಫಾತೋರ್ಡಾದ ಗೇಟಿನಲ್ಲಿ ಎರಡು ಸಾಲು. ಆ ಬಸ್ಸಿನವರಿಗೆ ಏನು ಹೆಸರು ಬೀಳುತ್ತದೋ, ಅದನ್ನು ಎದುರು ಸಾಲಿನವರೇ ಇಡಲಿ.